ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ

2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಅದಕ್ಕೆ ಸ್ವಲ್ಪ ಮುಂಚಿನಿಂದಲೇ ನಮ್ಮ ಕಡೆಯ ಹುಡುಗರ ಮಾತು ಬದಲಾಗಿತ್ತು. ಟೀ ಅಂಗಡಿ ಮುಂದೆ ನಿಂತು ಕಬ್ಬಿನ ಟನ್ನಿಗೆ ಎಷ್ಟು ಎಂದು ಕೇಳುತ್ತಿದ್ದವರು ಈಗ ಚದರಡಿಗೆ ಎಷ್ಟು ಎನ್ನುತ್ತಾರೆ. ಮಂಡ್ಯದಿಂದ ಮದ್ದೂರಿಗೆ, ಅಲ್ಲಿಂದ ಮಳವಳ್ಳಿ ರಸ್ತೆಯ ಉದ್ದಕ್ಕೆ ಗದ್ದೆಯ ಬದುವಿನಲ್ಲಿ ಲೇಔಟ್ ಬೋರ್ಡುಗಳು ಎದ್ದಿವೆ. ಬೋರ್ಡಿನಲ್ಲಿ ಮೂರೋ ನಾಲ್ಕೋ ಫೋನ್ ನಂಬರು, ಒಬ್ಬೊಬ್ಬ ಪಾಲುದಾರನದು ಒಂದೊಂದು. ಕೆಲವು ಕಡೆ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಹಲಗೆ ನೆಟ್ಟಿರುತ್ತಾರೆ: ‘ಈ ಸ್ವತ್ತು ದಾವೆಯಲ್ಲಿದೆ, ಯಾರೂ ಕೊಳ್ಳಬಾರದು.’

ವ್ಯವಹಾರಕ್ಕೇ ಇಳಿಯಬೇಡಿ ಎಂದು ಹೇಳುವ ಮುದುಕ ನಾನಲ್ಲ. ಎರಡು ಎಕರೆ ಗದ್ದೆಯಲ್ಲಿ ಮೂರು ಸಂಸಾರ ನಡೆಯದು ಎಂಬುದು ನನಗೂ ಗೊತ್ತು. ನನ್ನ ಸಂಕಟವೆಲ್ಲ ನೀವು ವ್ಯವಹಾರಕ್ಕೆ ಇಳಿಯುವ ರೀತಿಯ ಬಗ್ಗೆ. ಜೊತೆಯಲ್ಲಿ ಓದಿದವರು, ಭಾವ ಮೈದುನರು, ಒಂದೇ ಬೀದಿಯವರು ಕೂತು ಮಾತಾಡುತ್ತೀರಿ. ‘ದುಡ್ಡು ನಿಂದು, ಜಮೀನು ಅವಂದು, ಓಡಾಟ ನಂದು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೈ ಕುಲುಕಿ, ಹೋಟೆಲಿನಲ್ಲಿ ಊಟ ಮಾಡಿ ಏಳುತ್ತೀರಿ. ಬರೆದುಕೊಳ್ಳೋಣ ಎಂದು ಯಾರಾದರೂ ಬಾಯಿ ಬಿಟ್ಟರೆ, ‘ಏನ್ಲಾ, ನನ್ ಮೇಲೆ ನಂಬ್ಕೆ ಇಲ್ವಾ?’ ಎಂಬ ಒಂದು ಪ್ರಶ್ನೆಗೆ ಅವನು ಸುಮ್ಮನಾಗುತ್ತಾನೆ. ಮುಂದಿನ ಜಗಳದ ಬೀಜ ಅಲ್ಲೇ ಬೀಳುತ್ತದೆ.

ಆ ಓಡಾಟದ ಬೆಲೆ ಎಷ್ಟು ಎಂದು ಯಾರೂ ಕಟ್ಟಿರುವುದಿಲ್ಲ. ಪೋಡಿಗೆ, ಭೂಪರಿವರ್ತನೆಗೆ, ನಕ್ಷೆ ಮಂಜೂರಾತಿಗೆ ಕಚೇರಿಯಿಂದ ಕಚೇರಿಗೆ ಅಲೆದವನು ಅರ್ಧ ಪಾಲು ತನ್ನದು ಎಂದುಕೊಂಡಿರುತ್ತಾನೆ. ದುಡ್ಡು ಹಾಕಿದವನ ಲೆಕ್ಕದಲ್ಲಿ ಅವನು ಸಂಬಳದ ಆಳು. ಬರವಣಿಗೆ ಇಲ್ಲದಿದ್ದರೆ ಕಾನೂನು ಏನು ಹೇಳುತ್ತದೆ ಗೊತ್ತೇ? 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಂ ಓದಿಸಿಕೊಳ್ಳಿ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಎಲ್ಲರಿಗೂ ಸಮಪಾಲು, ದುಡಿದವನಿಗೆ ಪ್ರತ್ಯೇಕ ಸಂಬಳವಿಲ್ಲ. ನಲವತ್ತು ಲಕ್ಷ ಹಾಕಿದವನಿಗೂ ನಾಲ್ಕು ಲಕ್ಷ ಹಾಕಿದವನಿಗೂ ಲಾಭ ಒಂದೇ. ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಕೈಸಾಲಕ್ಕೆ ವರ್ಷಕ್ಕೆ ನೂರಕ್ಕೆ 6ರ ಬಡ್ಡಿ. ನೀವು ಮೂವರೂ ಮನಸ್ಸಿನಲ್ಲಿ ಹಾಕಿಕೊಂಡಿದ್ದ ಮೂರು ಲೆಕ್ಕಗಳಲ್ಲಿ ಒಂದೂ ಇದಲ್ಲ.

‘ನಿಮ್ಮ ಕಾಲದಲ್ಲಿ ಮಾತಿನ ಮೇಲೇ ಎಲ್ಲ ನಡೀತಿರಲಿಲ್ವಾ ತಾತ?’ ಎಂದು ಕೇಳುತ್ತೀರಿ. ನಡೆಯುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಆಲೆಮನೆಯನ್ನು ಪಾಲಿನಲ್ಲಿ ಹಾಕುತ್ತಿದ್ದರು. ಗಾಣ ಒಬ್ಬನದು, ಎತ್ತು ಇನ್ನೊಬ್ಬನದು, ಕೊಪ್ಪರಿಗೆ ಮತ್ತೊಬ್ಬನದು. ಕಾಗದ ಪತ್ರ ಏನೂ ಇರಲಿಲ್ಲ. ಆದರೆ ಆ ಲೆಕ್ಕ ಹೇಗಿತ್ತು ನೋಡಿ. ಬೆಳಿಗ್ಗೆ ಹಾಕಿದ ಕಬ್ಬು ಸಂಜೆಗೆ ಅಚ್ಚು ಬೆಲ್ಲವಾಗಿ ಎಲ್ಲರ ಕಣ್ಣೆದುರಿಗೆ ಬೀಳುತ್ತಿತ್ತು. ಎಣಿಸುವುದಕ್ಕೆ ಊರೇ ಸಾಕ್ಷಿ. ಮಂಡಿಯಿಂದ ದುಡ್ಡು ಬಂದ ದಿನವೇ ಪಾಲಾಗುತ್ತಿತ್ತು, ಹಂಗಾಮು ಮುಗಿದರೆ ಬಾಕಿಯೂ ಮುಗಿಯುತ್ತಿತ್ತು. ಲೆಕ್ಕ ಅಷ್ಟು ಬಯಲಾಗಿದ್ದುದರಿಂದ ನಂಬಿಕೆಗೆ ದೊಡ್ಡ ಪರೀಕ್ಷೆಯೇ ಬರಲಿಲ್ಲ. ನಿಮ್ಮ ಲೇಔಟು ಐದಾರು ವರ್ಷ ಎಳೆಯುತ್ತದೆ. ದುಡ್ಡು ಯಾವ ಕಚೇರಿಯ ಯಾವ ಮೇಜಿನ ಮೇಲೆ ಎಷ್ಟು ಹೋಯಿತು ಎಂಬುದು ಒಬ್ಬನಿಗೆ ಮಾತ್ರ ಗೊತ್ತು. ಅಂಥ ವ್ಯವಹಾರಕ್ಕೆ ಆಲೆಮನೆಯ ಬಾಯಿಮಾತು ಹೊಂದದು.

ಹಿರಿಯರೆಲ್ಲ ಬಾಯಿಮಾತಿನವರು ಎಂಬುದೂ ಪೂರ್ತಿ ನಿಜವಲ್ಲ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದಾಗ ಈ ಸೀಮೆಯ ರೈತರು ಷೇರು ಕೊಂಡರು. ಹೆಬ್ಬೆಟ್ಟು ಒತ್ತುವ ರೈತನ ಕೈಗೂ ಷೇರಿನ ಪತ್ರ ಬಂತು. ಡಿಗ್ರಿ ಮುಗಿಸಿದ ನೀವು ವಾಟ್ಸಪ್ ಸಂದೇಶವನ್ನು ದಾಖಲೆ ಎಂದುಕೊಂಡು ಲಕ್ಷಗಟ್ಟಲೆ ಕೊಡುತ್ತೀರಿ!

ಬರೆದರಷ್ಟೇ ಸಾಲದು, ನೋಂದಣಿಯಾಗಬೇಕು. ಇದನ್ನು ಒತ್ತಿ ಹೇಳುತ್ತೇನೆ. ಅದೇ ಕಾಯ್ದೆಯ 69ನೇ ಕಲಂ ಪ್ರಕಾರ, ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಯ ಪಾಲುದಾರ ತನ್ನ ಒಪ್ಪಂದದ ಹಕ್ಕಿಗಾಗಿ ಸಂಸ್ಥೆಯ ಮೇಲಾಗಲಿ ಜೊತೆಗಾರನ ಮೇಲಾಗಲಿ ದಾವೆ ಹೂಡುವಂತಿಲ್ಲ. ನನ್ನ ಪಾಲಿನ ಹಣ ಕೊಡಿಸಿ ಎಂದು ಹೋದವನಿಗೆ, ಮೊದಲು ನೋಂದಣಿ ಎಲ್ಲಿ ಎಂಬ ಪ್ರಶ್ನೆ ಬೀಳುತ್ತದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಖಚಿತವಾಗಿ ಹೇಳಿತು. ಉಳಿಯುವ ದಾರಿ ಸಂಸ್ಥೆಯನ್ನೇ ವಿಸರ್ಜಿಸಿ ಲೆಕ್ಕ ಕೊಡಿಸಿ ಎಂದು ಕೇಳುವುದು. ವಿಸರ್ಜನೆಯಾದ ಮೇಲೆ ಲೆಕ್ಕ ಕೇಳುವುದಕ್ಕೂ ಮೂರೇ ವರ್ಷದ ವಾಯಿದೆ. ಊರ ಪಂಚಾಯ್ತಿ, ಮಧ್ಯಸ್ಥರು, ‘ಹಬ್ಬ ಕಳೀಲಿ, ಮಾತಾಡೋಣ’ ಎನ್ನುವುದರಲ್ಲೇ ಆ ಮೂರು ವರ್ಷ ಜಾರಿಹೋದವರನ್ನು ಕಂಡಿದ್ದೇನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಛಾಪಾ ಕಾಗದದಲ್ಲೂ ಜಿಪುಣತನ ಮಾಡಬೇಡಿ. ನೂರು ರೂಪಾಯಿ ಕಾಗದದಲ್ಲಿ ಕೋಟಿಯ ಒಪ್ಪಂದ ಬರೆದು ಬೀರುವಿನಲ್ಲಿಟ್ಟರೆ, ನಾಳೆ ಕೋರ್ಟಿನಲ್ಲಿ ಅದನ್ನು ತೋರಿಸುವಾಗ ಕೊರತೆ ಬಿದ್ದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಈ ದಂಡವನ್ನು ಇಳಿಸುವ ವಿವೇಚನೆ ವಿಚಾರಣೆ ನಡೆಸುವ ನ್ಯಾಯಾಲಯಕ್ಕಿಲ್ಲ ಎಂದಿತು.

ಇನ್ನೊಂದು ಗಂಟು ಜಮೀನು ಯಾರ ಹೆಸರಿನಲ್ಲಿದೆ ಎಂಬುದು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗುವ ಮುಂಚೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಹಾಗಾಗಿ ಪಹಣಿ ಇದ್ದ ಒಬ್ಬ ಪಾಲುದಾರನ ಹೆಸರಿಗೆ ಕ್ರಯ ಮಾಡಿಸಿ, ಉಳಿದವರು ಹಿಂದೆ ನಿಂತು ದುಡ್ಡು ಕೊಡುವ ರೂಢಿ ಬೆಳೆಯಿತು. ಆ ಒಬ್ಬ ತೀರಿಕೊಂಡರೆ? ಹೆಂಡತಿ ಮಕ್ಕಳಿಗೆ ಕಾಣುವುದು ಪಹಣಿಯಲ್ಲಿರುವ ಅಪ್ಪನ ಹೆಸರು ಮಾತ್ರ. ‘ನಮ್ಮ ಜಮೀನಿಗೆ ನೀವ್ಯಾರು?’ ಎಂದು ಅವರು ಕೇಳಿದರೆ ಅದು ಮೋಸವಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ. ಒಬ್ಬ ಪಾಲುದಾರ ಸತ್ತರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಸಂಸ್ಥೆಯೇ ವಿಸರ್ಜನೆಯಾಗುತ್ತದೆ ಎಂಬುದನ್ನೂ ನೆನಪಿಡಿ. ಜಮೀನು ಸಂಸ್ಥೆಯದು, ಇಂಥವನ ಹೆಸರಿನಲ್ಲಿ ಮಾತ್ರ ಇದೆ, ಸಾವು ಬಂದರೆ ವಾರಸುದಾರರಿಗೆ ಹೀಗೆ ಲೆಕ್ಕ ಎಂದು ಪತ್ರದಲ್ಲಿ ಬರೆಸಿ. ಮನೆಯ ಹೆಣ್ಣುಮಕ್ಕಳನ್ನು ಕೂರಿಸಿ ಓದಿ ಹೇಳಿ. ಅವರಿಂದ ಮುಚ್ಚಿಟ್ಟ ವ್ಯವಹಾರ ಉದ್ಧಾರವಾದದ್ದನ್ನು ನಾನಂತೂ ನೋಡಿಲ್ಲ.

ಸಂಸ್ಥೆಯ ಸ್ಥಿರಾಸ್ತಿಯನ್ನು ಮಾರುವ ಅಧಿಕಾರ ಒಬ್ಬ ಪಾಲುದಾರನಿಗೆ ತಾನಾಗಿ ಬರುವುದಿಲ್ಲ. ಆದರೆ ‘ಪದೇ ಪದೇ ರಿಜಿಸ್ಟ್ರಾರ್ ಕಚೇರಿಗೆ ಯಾರು ಹೋಗ್ತಾರೆ’ ಎಂಬ ಸೋಮಾರಿತನಕ್ಕೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಟ್ಟು ಆ ಅಧಿಕಾರವನ್ನು ನೀವೇ ಅವನ ಕೈಗಿಡುತ್ತೀರಿ. ಅವನು ಒಂದೇ ಸೈಟಿಗೆ ಇಬ್ಬರಿಂದ ಅಡ್ವಾನ್ಸ್ ಪಡೆದರೂ ಹೊಣೆ ಎಲ್ಲರ ತಲೆಗೆ. ಪಾಲುದಾರರು ಜಂಟಿಯಾಗಿಯೂ ಒಬ್ಬೊಬ್ಬರಾಗಿಯೂ ಬಾಧ್ಯರು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ತಿಂಗಳಿಗೊಮ್ಮೆ ಲೆಕ್ಕದ ಪುಸ್ತಕ ಎಲ್ಲರ ಮುಂದೆ ಬಿಚ್ಚಿ, ಪ್ರತಿ ಪುಟಕ್ಕೂ ಎಲ್ಲರ ಸಹಿ ಬೀಳಲಿ. ರಸೀದಿ ಇಲ್ಲದ ಖರ್ಚು ಎಂದು ಒಂದು ದೊಡ್ಡ ಮೊತ್ತ ಬರೆಯುವ ಪಾಲುದಾರ ಸಿಕ್ಕರೆ ಮೊದಲ ಸಲವೇ ತಡೆದು ಕೇಳಿ. ಕೊನೆಗೆ ಜಗಳ ಹತ್ತುವುದು ಆ ಒಂದು ಸಾಲಿನಿಂದಲೇ.

ನಿಮ್ಮ ಜಗಳ ನಿಮ್ಮಲ್ಲೇ ಉಳಿಯುವುದಿಲ್ಲ ಎಂಬುದು ನನ್ನ ದೊಡ್ಡ ಚಿಂತೆ. ಗದ್ದೆ ಬಿಟ್ಟುಕೊಟ್ಟ ರೈತನಿಗೆ ಬರಬೇಕಾದ ಸೈಟುಗಳೂ ತಡೆಯಾಜ್ಞೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅತ್ತ ಬೆಳೆಯೂ ಇಲ್ಲ, ಇತ್ತ ಪಾಲೂ ಇಲ್ಲ. ಮಗಳ ಮದುವೆಗೆಂದು ಕೂಡಿಟ್ಟ ದುಡ್ಡಿನಲ್ಲಿ ಸೈಟು ಕೊಂಡ ಮೇಷ್ಟರ ಗತಿಯೂ ಅಷ್ಟೆ. ದಾವೆ ನಡೆಯುವಾಗ ಆದ ಮಾರಾಟ ಆ ದಾವೆಯ ತೀರ್ಪಿಗೇ ಒಳಪಟ್ಟಿರುತ್ತದೆ. 500 ಚದರ ಮೀಟರ್ ಮೀರಿದ ಬಡಾವಣೆಯನ್ನು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಹಾಕುವುದೂ ಮಾರುವುದೂ 2016ರ ಕಾಯ್ದೆಗೆ ವಿರುದ್ಧ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ 70 ಪಾಲು ಆ ಬಡಾವಣೆಗೆಂದೇ ತೆರೆದ ಪ್ರತ್ಯೇಕ ಖಾತೆಯಲ್ಲಿರಬೇಕು. ಆ ದುಡ್ಡಿನಲ್ಲಿ ಹೊಸ ಕಾರು ಕೊಂಡು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಓಡಿಸುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ತಳಮಳ.

ಜಗಳ ಶುರುವಾದರೆ ನೇರ ಪೊಲೀಸ್ ಠಾಣೆಗೆ ಓಡುವ ಚಟ ಈಗ ಹೆಚ್ಚಾಗಿದೆ. ವಂಚನೆ, ನಂಬಿಕೆದ್ರೋಹ ಎಂದು ಕೇಸು ಹಾಕಿಸಿ ಬೆದರಿಸಿದರೆ ದುಡ್ಡು ಬರುತ್ತದೆ ಎಂಬ ಲೆಕ್ಕ. ಪಾಲುದಾರಿಕೆಯ ಆಸ್ತಿಯಲ್ಲಿ ಪಾಲುದಾರನಿಗೂ ಹಕ್ಕಿರುವುದರಿಂದ, ವಿಶೇಷವಾಗಿ ಅವನ ವಶಕ್ಕೆ ಒಪ್ಪಿಸಿದ್ದು ರುಜುವಾಗದೆ ನಂಬಿಕೆದ್ರೋಹದ ಅಪರಾಧ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲೇ ಹೇಳಿದೆ. ಠಾಣೆಯಿಂದ ದುಡ್ಡು ಬರುವುದು ಕಷ್ಟ. ಎರಡು ಮನೆಯವರು ಮದುವೆ ಮುಂಜಿಗೆ ಹೋಗಿ ಬರುವುದು ಮಾತ್ರ ಅಂದಿಗೆ ನಿಲ್ಲುತ್ತದೆ.

ಈಗಾಗಲೇ ಮುನಿಸಿಕೊಂಡು ಮಾತು ಬಿಟ್ಟವರು ಇದನ್ನು ಓದುತ್ತಿದ್ದರೆ, ಮೊದಲು ಲೆಕ್ಕ ಪರಿಶೋಧಕರೊಬ್ಬರನ್ನು ಇಬ್ಬರೂ ಒಪ್ಪಿ ಕೂರಿಸಿ. ಸೈಟಿಗೆಂದು ಹೊರಗಿನವರು ಕೊಟ್ಟ ಹಣ ಮೊದಲು ತೀರಬೇಕು, ನಿಮ್ಮ ಪಾಲು ಆಮೇಲೆ. ಕಾನೂನೂ ಅದೇ ಕ್ರಮ ಹೇಳುತ್ತದೆ. ಕೇಸು ಕೋರ್ಟಿನಲ್ಲಿದ್ದರೆ ಲೋಕ ಅದಾಲತ್ತಿಗೆ ಹಾಕಿಸಿ. ಅಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ, ಅದರ ಮೇಲೆ ಅಪೀಲಿನ ಅಲೆದಾಟವೂ ಇಲ್ಲ. ತಗ್ಗಿದವನು ಸೋತ ಎಂದು ಊರವರು ಆಡಿಕೊಂಡರೆ ಆಡಿಕೊಳ್ಳಲಿ. ನಿಮ್ಮ ವಕೀಲರ ಫೀಸನ್ನು ಅವರೇನೂ ಕಟ್ಟುವುದಿಲ್ಲ.

ಇನ್ನು ಜೊತೆಯಲ್ಲೇ ನಗುನಗುತ್ತಾ ಇರುವವರಿಗೆ. ವ್ಯವಹಾರ ಶುರುವಾಗಿ ವರ್ಷವಾಯಿತು, ಈಗ ಹೇಗೆ ಎಂದು ಹಿಂಜರಿಯಬೇಡಿ. ಪಾಲುದಾರಿಕೆ ಸಂಸ್ಥೆಯನ್ನು ಯಾವಾಗ ಬೇಕಾದರೂ ನೋಂದಾಯಿಸಬಹುದು, ಕಾಯ್ದೆಯಲ್ಲಿ ಅದಕ್ಕೆ ಗಡುವಿಲ್ಲ. ದಾವೆ ಹೂಡುವ ದಿನಕ್ಕೆ ಮುಂಚೆ ನೋಂದಣಿಯಾಗಿ, ನಿಮ್ಮ ಹೆಸರು ನೋಂದಣಿ ಪುಸ್ತಕದಲ್ಲಿ ಪಾಲುದಾರ ಎಂದು ಇರಬೇಕು, ಅಷ್ಟೆ. ಈ ವಾರವೇ ಪತ್ರ ಬರೆಸಿ, ಎಲ್ಲರೂ ಒಟ್ಟಿಗೆ ಹೋಗಿ ನೋಂದಣಿ ಮಾಡಿಸಿಕೊಂಡು ಬನ್ನಿ ಮಕ್ಕಳೇ.