ಗೊರಕೆ, ನಿದ್ದೆ ಮತ್ತು ಹಲ್ಲಿನ ವೈದ್ಯರು

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬುದು ನಮ್ಮ ಹಿರಿಯರ ಗಾದೆ. ಜೋರಾಗಿ ಗೊರಕೆ ಹೊಡೆಯುವವನನ್ನು ಕಂಡರೂ ನಾವು ಹೀಗೆಯೇ ಅನ್ನುತ್ತೇವೆ: 'ಪುಣ್ಯವಂತ, ಒಳ್ಳೆಯ ನಿದ್ದೆ ಹತ್ತಿದೆ.' ಈ ತಿಳುವಳಿಕೆ ಎಷ್ಟು ತಪ್ಪೆಂಬುದನ್ನು ನಮಗೆ ಕಲಿಸಿದವನು ಎಂಟನೆಯ ತರಗತಿಯ ಒಬ್ಬ ಬಾಲಕ. ನಾವು ಅದನ್ನು ಕಲಿತ ಸ್ಥಳ ವಯನಾಡಿನ ಪುಲ್ಪಳ್ಳಿಯ ಒಂದು ಹಲ್ಲಿನ ಆಸ್ಪತ್ರೆ.

ಈ ಬಾಲಕ ಎರಡನೆಯ ಪಿರಿಯಡ್ ಮುಗಿಯುವುದರೊಳಗೆ ತೂಕಡಿಸುತ್ತಿದ್ದ. ಗದರಿಸಿದೆವು, ಬೆಂಚಿನ ಮೇಲೆ ನಿಲ್ಲಿಸಿದೆವು. ನಿಂತಲ್ಲಿಯೇ ತೂಕಡಿಸಿದ. ಸೋಮಾರಿ ಎಂದು ಹೆಸರಿಟ್ಟು ಸುಮ್ಮನಾದೆವು. ಕೊನೆಗೆ ಅವನಿಗೆ ದವಡೆ ಹಲ್ಲಿನ ನೋವು ಬಂತು. ಬೈರಕುಪ್ಪೆಯಲ್ಲಿ ದೋಣಿ ಹತ್ತಿ ಕಬಿನಿ ದಾಟಿದರೆ ಆಚೆಯ ದಡ ಕೇರಳದ ಪೆರಿಕ್ಕಲ್ಲೂರು; ಅಲ್ಲಿಂದ ಪುಲ್ಪಳ್ಳಿಗೆ ಬಸ್ಸು. ಕಾಡು ದಾಟಿ ಎಚ್.ಡಿ. ಕೋಟೆಗೆ ಹೋಗುವುದಕ್ಕಿಂತ ನಮ್ಮ ಕಡೆಯವರಿಗೆ ಇದೇ ಹತ್ತಿರ. ಹುಡುಗನ ಅಜ್ಜಿಗೆ ಮಲಯಾಳದ ಫಲಕ ಓದಲು ಬಾರದೆಂದು ನಾವೂ ಜೊತೆಗೆ ಹೊರಟೆವು.

ವೈದ್ಯರು ಹುಳುಕು ಹಲ್ಲನ್ನು ನೋಡಿದರು. ಆಮೇಲೆ ನಾಲಿಗೆಯನ್ನು ಒತ್ತಿ, ದೀಪ ಹಿಡಿದು, ಗಂಟಲಿನ ಒಳಗನ್ನು ಬಹಳ ಹೊತ್ತು ನೋಡಿದರು. 'ಅಜ್ಜೀ, ಹುಡುಗ ರಾತ್ರಿ ಬಾಯಿ ತೆರೆದು ಮಲಗುತ್ತಾನಾ?' ಎಂದು ಕೇಳಿದರು. 'ಗೊರಕೆನೂ ಹೊಡೀತಾನೆ ಡಾಕ್ಟ್ರೇ, ಥೇಟ್ ಅವರ ಅಜ್ಜನ ಹಾಗೆ. ನಡುನಡುವೆ ಉಸಿರೇ ಇರಲ್ಲ, ಆಮೇಲೆ ಗಕ್ ಅಂತ ಎಳ್ಕೊಳ್ತಾನೆ' ಎಂದು ಅಜ್ಜಿ ನಗುತ್ತಾ ಹೇಳಿದರು. ವೈದ್ಯರು ನಗಲಿಲ್ಲ.

ಈ ತೊಂದರೆಗೆ ಸ್ಲೀಪ್ ಅಪ್ನಿಯಾ ಎಂದು ಹೆಸರು. ಅಪ್ನಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಉಸಿರಿಲ್ಲದಿರುವುದು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಿ ನಾಲಿಗೆ ಹಿಂದಕ್ಕೆ ಜಾರುತ್ತದೆ. ಉಸಿರಿನ ದಾರಿ ಕಿರಿದಾದರೆ ಅಂಗಾಂಶಗಳು ಅದುರಿ ಗೊರಕೆಯಾಗುತ್ತದೆ. ದಾರಿ ಪೂರ್ತಿ ಮುಚ್ಚಿದರೆ ಎದೆ ಎಷ್ಟು ಏದಿದರೂ ಗಾಳಿ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಗೊಂಡು ಕ್ಷಣಕಾಲ ಎಚ್ಚರಿಸುತ್ತದೆ, ಆಗ ಆ 'ಗಕ್' ಎಂಬ ಸದ್ದು. ಮಲಗಿದವನಿಗೆ ಇದೊಂದೂ ನೆನಪಿರುವುದಿಲ್ಲ. ದೊಡ್ಡವರಲ್ಲಿ 10 ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತರೆ ಅದನ್ನು ಒಂದು ಸಲವೆಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ಬಹಳ ಕುಗ್ಗಿದ ಸಲಗಳನ್ನೂ ಸೇರಿಸಿ ಗಂಟೆಗೆ 5ರವರೆಗೆ ಚಿಂತೆಯಿಲ್ಲ. 30 ದಾಟಿದರೆ ತೀವ್ರ. ಎಳೆಯ ಮಕ್ಕಳಲ್ಲಾದರೋ ಗಂಟೆಗೆ ಒಂದು ಸಲವಾದರೂ ವೈದ್ಯರು ಗಮನಿಸುತ್ತಾರೆ. ಹೀಗೆ ರಾತ್ರಿಯಿಡೀ ನೂರಾರು ಸಲ ಎಬ್ಬಿಸಲ್ಪಟ್ಟ ಹುಡುಗ ಹಗಲು ತೂಕಡಿಸದೆ ಇನ್ನೇನು ಮಾಡಿಯಾನು? ಬೆಂಚಿನ ಮೇಲೆ ನಿಲ್ಲಿಸಿದ ನಮಗೆ ಆಗ ಮುಖವೆತ್ತಲು ಆಗಲಿಲ್ಲ.

ಇದು ಮಕ್ಕಳ ಪಾಠಕ್ಕಷ್ಟೇ ಸೇರಿದ ಮಾತಲ್ಲ. ಬಂಡೀಪುರದ ಕಾಡಿನ ಹೆದ್ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚುತ್ತಾರಷ್ಟೆ. ಮುತ್ತಂಗದ ಬಳಿ ಲಾರಿಯಲ್ಲೇ ಮಲಗಿ, ಬೆಳಗಾಗುತ್ತಲೇ ಹೊರಡುವ ಚಾಲಕನಿಗೆ ಈ ಕಾಯಿಲೆಯಿದ್ದರೆ, ಎಂಟು ಗಂಟೆ ಮಲಗಿಯೂ ಅವನು ಮಲಗಿದಂತಲ್ಲ. ರಕ್ತದೊತ್ತಡ ಏರುವುದು, ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು ಇವೂ ಅದರ ಸಂಗಾತಿಗಳು. ಮಕ್ಕಳಲ್ಲಿ ಸಿಡುಕು, ಗಮನವಿಲ್ಲದಿರುವಿಕೆ, ಹಾಸಿಗೆಯಲ್ಲಿ ಮೂತ್ರ ಮಾಡುವುದು ಕೂಡ ಕಾಣಬಹುದು.

ಹಲ್ಲಿನ ವೈದ್ಯರಿಗೂ ಉಸಿರಿಗೂ ಏನು ಸಂಬಂಧ ಎಂದು ಕೇಳಬಹುದು. ಉಸಿರಿನ ದಾರಿಯ ಬಾಗಿಲನ್ನು ದಿನವೂ ತೆರೆದು ನೋಡುವವರು ಅವರೇ. ಇಕ್ಕಟ್ಟಾದ ಅಂಗಳು, ಹಿಂದೆ ಸರಿದ ಗದ್ದ, ಊದಿದ ಟಾನ್ಸಿಲ್, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು, ರಾತ್ರಿ ಕಡಿದು ಸವೆದ ಹಲ್ಲು ಇವೆಲ್ಲ ಅವರ ಕಣ್ಣಿಗೆ ಬೀಳುತ್ತವೆ. ಆದರೆ ರೋಗ ಇದೇ ಎಂದು ಅವರೊಬ್ಬರೇ ತೀರ್ಮಾನಿಸುವಂತಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಉಸಿರು, ಆಮ್ಲಜನಕ, ಮೆದುಳಿನ ಅಲೆಗಳನ್ನು ಅಳೆಯಬೇಕು.

ಮಕ್ಕಳಲ್ಲಿ ಬಹುಮಟ್ಟಿಗೆ ಟಾನ್ಸಿಲ್ ಮತ್ತು ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿಕೊಂಡಿರುವುದೇ ಕಾರಣ. ಕಿವಿ ಮೂಗು ಗಂಟಲಿನ ವೈದ್ಯರು ಅವನ್ನು ತೆಗೆಯುತ್ತಾರೆ. ದೊಡ್ಡವರಿಗೆ ಹಿಂದೆ, ರೋಗ ಉಲ್ಬಣಿಸಿದರೆ, ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುತ್ತಿದ್ದರು. 1981ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರೂ ಸಂಗಡಿಗರೂ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಸೈಕಲ್ ಟ್ಯೂಬಿಗೆ ತುಸು ಗಾಳಿ ಹಾಕಿದರೆ ಅದು ಮಡಚಿಕೊಳ್ಳದಷ್ಟೆ? ಹಾಗೆಯೇ ಮೂಗಿಗೆ ಮುಸುಕು ಕಟ್ಟಿ ಯಂತ್ರದಿಂದ ಹದವಾಗಿ ಗಾಳಿ ಒತ್ತಿದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲ. ಸಿಪ್ಯಾಪ್ ಎಂಬ ಈ ಯಂತ್ರವೇ ಇಂದಿಗೂ ಮುಖ್ಯ ಚಿಕಿತ್ಸೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮದ್ಯ ಬಿಡುವುದು ಇದಕ್ಕೆ ಸಹಾಯ.

ಕಾಯಿಲೆ ಸೌಮ್ಯವಾಗಿದ್ದರೆ, ಅಥವಾ ಯಂತ್ರ ಸಹಿಸಲಾಗದಿದ್ದರೆ, ಹಲ್ಲಿನ ವೈದ್ಯರು ಅಚ್ಚು ತೆಗೆದು ಒಂದು ಸಾಧನ ಮಾಡಿಕೊಡುತ್ತಾರೆ. ಮೇಲಿನ ಹಾಗೂ ಕೆಳಗಿನ ಹಲ್ಲುಗಳಿಗೆ ಕೂರುವ ಈ ಸಾಧನ ಕೆಳದವಡೆಯನ್ನು ಕೊಂಚ ಮುಂದಕ್ಕೆ ಹಿಡಿದಿಡುತ್ತದೆ. ದವಡೆಯೊಡನೆ ನಾಲಿಗೆಯೂ ಮುಂದೆ ಬಂದು ದಾರಿ ತೆರೆಯುತ್ತದೆ. ಇದಕ್ಕೆ ವಿದ್ಯುತ್ತು ಬೇಡ. ಮಳೆಗಾಲದಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋದೀತೆಂದು ಹೇಳಲಾಗದ ನಮ್ಮಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅದು ಹಿಡಿದುಕೊಳ್ಳಲು ಗಟ್ಟಿ ಹಲ್ಲು, ಗಟ್ಟಿ ಒಸಡು ಇರಲೇಬೇಕು.

ಇಲ್ಲಿಯೇ ನಾವು ಹಲ್ಲಿನ ರಕ್ಷಣೆಯ ವಿಷಯಕ್ಕೆ ಬರುತ್ತೇವೆ. ನಮ್ಮ ಬಾಲಕನ ಹುಳುಕು ಹಲ್ಲು ಯಾವುದು ಗೊತ್ತೇ? ಸುಮಾರು ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲಿನ ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆ ಹಲ್ಲು. ಹೇಗೂ ಬೀಳುವ ಹಲ್ಲೆಂದು ತಾಯ್ತಂದೆಯರು ಅದನ್ನು ಅಲಕ್ಷಿಸುತ್ತಾರೆ. ಅದರ ಗೀರುಗಳಲ್ಲಿ ಅನ್ನ, ಸಕ್ಕರೆ ಸಿಕ್ಕಿ ಬ್ಯಾಕ್ಟೀರಿಯಾಗಳು ಆಮ್ಲ ಮಾಡುತ್ತವೆ. ಎಂಜಲು ಈ ಆಮ್ಲವನ್ನು ತೊಳೆಯುವ ಕಾವಲುಗಾರ. ಬಾಯಿ ತೆರೆದು ಮಲಗುವವನಲ್ಲಿ ಎಂಜಲು ಒಣಗುವುದರಿಂದ ಹುಳುಕಿಗೆ ಇನ್ನಷ್ಟು ಅನುಕೂಲ. ಗೀರು ತುಂಬುವ ಲೇಪವನ್ನು ಹಲ್ಲು ಹುಟ್ಟಿದ ಹೊಸದರಲ್ಲೇ ಹಚ್ಚಿಸಿದ್ದರೆ ಆ ಹಲ್ಲು ಬಹುಶಃ ಉಳಿಯುತ್ತಿತ್ತು.

ಫ್ಲೋರೈಡ್ ಇರುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಹಾಕಿ ದಿನಕ್ಕೆರಡು ಸಲ ಉಜ್ಜಬೇಕು. ರಾತ್ರಿಯದನ್ನು ತಪ್ಪಿಸಲೇಬಾರದು, ನಿದ್ದೆಯಲ್ಲಿ ಎಂಜಲು ಕಡಿಮೆಯಾಗುತ್ತದೆ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ. ಕ್ಲೀನ್ ಮಾಡಿಸಿದರೆ ಹಲ್ಲು ಅಲುಗುತ್ತದೆ ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಅಲುಗಿಸುವುದು ಒಸಡಿನ ಕೆಳಗೆ ಕಟ್ಟಿದ ಗಾರೆ, ಅದನ್ನು ತೆಗೆದವರಲ್ಲ. ಅಡಿಕೆಯ ವಿಷಯವನ್ನು ಅಡಿಕೆ ಬೆಳೆಯುವವರ ಮುಂದೆ ಹೇಳುವುದು ಕಷ್ಟ. ಆದರೂ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪ್ರಕಟಿಸಿದೆ.

ಬಾಲಕನಿಗೆ ಬೇಸಿಗೆ ರಜೆಯಲ್ಲಿ, ಪರೀಕ್ಷೆಗಳ ನಂತರ, ಟಾನ್ಸಿಲ್ ತೆಗೆದರು. ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿ ಟೋಪಿ ಹಾಕಿದ್ದಾರೆ. ಈಗ ಅವನು ಎರಡನೆಯ ಪಿರಿಯಡ್ಡಿನಲ್ಲಿ ಪಕ್ಕದವನೊಡನೆ ಮಾತಾಡುತ್ತಾನೆ. ಅದಕ್ಕೂ ನಾವು ಗದರಿಸುವುದುಂಟು. ಅಜ್ಜಿ ಮುಂದಿನ ಸಲ ಅಜ್ಜನನ್ನೂ ದೋಣಿ ಹತ್ತಿಸಿ ಕರೆದೊಯ್ದರು. ಅಜ್ಜನ ಕೆಳಸಾಲಿನಲ್ಲಿ ಉಳಿದಿರುವುದು ಮೂರೇ ಹಲ್ಲು, ಮೂರೂ ಅಡಿಕೆಯಿಂದ ಕಪ್ಪಾದವು. ವೈದ್ಯರು ಒಂದೊಂದನ್ನೂ ಮುಟ್ಟಿ ಅಲುಗಿಸಿ ನೋಡಿ, ಸಾಧನ ಕೂರುವುದಿಲ್ಲವೆಂದು ಹೇಳಿ, ನಿದ್ದೆಯ ಪರೀಕ್ಷೆಗೆಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಯಂತ್ರ ಇಡುವುದಾದರೆ ಕರೆಂಟು ಹೋದಾಗ ಏನು ಮಾಡುವುದೆಂದು ಅಜ್ಜಿ ಈಗಲೇ ವಿಚಾರಿಸುತ್ತಿದ್ದಾರೆ.