3.2 ಎಂದರೆ ಶೇಕಡ ಎಂಬತ್ತಲ್ಲ

ಅಮೆರಿಕದ ಕಾಲೇಜಿನಲ್ಲಿ ಮಗಳ ಮೊದಲ ಸೆಮಿಸ್ಟರ್ ಮುಗಿದಿದೆ, ಜಿಪಿಎ 3.2 ಬಂದಿದೆ. ನಾಲ್ಕಕ್ಕೆ 3.2 ಎಂದರೆ ಶೇಕಡ 80, ಪಿಯುಸಿಯಲ್ಲಿ 94 ತೆಗೆದ ಹುಡುಗಿಗೆ ಏನಾಯಿತು ಎಂದು ಮನೆಯವರೆಲ್ಲ ಕಂಗಾಲು. ದಯವಿಟ್ಟು ಹೀಗೆ ಭಾಗಿಸಬೇಡಿ. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಎ ಗ್ರೇಡಿಗೆ 4 ಪಾಯಿಂಟ್, ಬಿ ಪ್ಲಸ್‌ಗೆ 3.3, ಬಿಗೆ 3, ಸಿ ಪ್ಲಸ್‌ಗೆ 2.3, ಎಫ್‌ಗೆ ಸೊನ್ನೆ. 3.2 ಎಂದರೆ ಬಿಗಿಂತ ಮೇಲೆ, ಬಿ ಪ್ಲಸ್‌ಗೆ ಹತ್ತಿರ. ಹೊಸ ದೇಶದ ಮೊದಲ ಸೆಮಿಸ್ಟರಿಗೆ ಅದು ಒಳ್ಳೆಯ ಫಲಿತಾಂಶವೇ.

ಲೆಕ್ಕದ ಜೀವಾಳ ಕ್ರೆಡಿಟ್, ಅಂದರೆ ಪ್ರತಿ ವಿಷಯಕ್ಕಿರುವ ತೂಕ; ಗ್ರೇಡಿನ ಪಾಯಿಂಟನ್ನು ಅದರಿಂದ ಗುಣಿಸಬೇಕು. ಉದಾಹರಣೆಗೆ ನಾಲ್ಕು ವಿಷಯಗಳನ್ನಷ್ಟೇ ತೆಗೆದುಕೊಳ್ಳೋಣ. ಕ್ಯಾಲ್ಕುಲಸ್ 4 ಕ್ರೆಡಿಟ್, ಬಿ ಬಂತು: 12 ಪಾಯಿಂಟ್. ಕೆಮಿಸ್ಟ್ರಿ 3 ಕ್ರೆಡಿಟ್, ಎ: 12. ಅದರ ಲ್ಯಾಬ್ 1 ಕ್ರೆಡಿಟ್, ಎ: 4. ಇಂಗ್ಲಿಷ್ 3 ಕ್ರೆಡಿಟ್, ಸಿ ಪ್ಲಸ್: 6.9. ಒಟ್ಟು 34.9 ಪಾಯಿಂಟನ್ನು 11 ಕ್ರೆಡಿಟ್‌ಗಳಿಂದ ಭಾಗಿಸಿದರೆ 3.17. ಕ್ರೆಡಿಟ್ ಮರೆತು ನಾಲ್ಕು ಗ್ರೇಡುಗಳ ಸರಾಸರಿ ತೆಗೆದರೆ 3.3 ದಾಟುತ್ತದೆ, ಅದು ಸುಳ್ಳು ಸಮಾಧಾನ.

ನಾನು ಒತ್ತಿ ಹೇಳಬೇಕಾದದ್ದು ಮೊದಲ ವರ್ಷದ ಬಗ್ಗೆ. 30 ಕ್ರೆಡಿಟ್ ಮುಗಿದಾಗ ಜಿಪಿಎ 2.8 ಇದ್ದು, ಮುಂದಿನ 15 ಕ್ರೆಡಿಟ್‌ಗಳಲ್ಲಿ ಎಲ್ಲಕ್ಕೂ ಎ ಬಂದರೆ ಅದು 3.2ಕ್ಕೆ ಏರುತ್ತದೆ. ಅದೇ ಸಾಧನೆ 90 ಕ್ರೆಡಿಟ್ ಆದಮೇಲೆ ಬಂದರೆ 2.97ರಲ್ಲೇ ನಿಲ್ಲುತ್ತದೆ. ಕಷ್ಟವಾಗುತ್ತಿದ್ದರೆ ಟ್ಯೂಟರಿಂಗ್ ಸೆಂಟರಿಗೆ, ಪ್ರೊಫೆಸರರ ಆಫೀಸ್ ಅವರ್ಸ್‌ಗೆ ಮೊದಲ ಸೆಮಿಸ್ಟರಿನಲ್ಲೇ ಹೋಗಲಿ.

ಒಂದು ವಿಷಯ ಕೈಮೀರಿದರೆ ಗಡುವಿನೊಳಗೆ ಕೈಬಿಡಬಹುದು. ಆಗ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ ಕಾಣುತ್ತದೆ, ಜಿಪಿಎಗೆ ಏಟು ಬೀಳುವುದಿಲ್ಲ. ಆದರೆ ಎಫ್-1 ವೀಸಾದಲ್ಲಿ ಡಿಗ್ರಿ ಓದುವವರು ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್ ಉಳಿಸಿಕೊಳ್ಳಲೇಬೇಕು. ಅದಕ್ಕಿಂತ ಕೆಳಗಿಳಿಯುವ ಮುನ್ನ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಪಡೆಯಬೇಕು, ಇಲ್ಲದಿದ್ದರೆ ವೀಸಾಕ್ಕೇ ಸಂಚಕಾರ. ಸ್ಕಾಲರ್‌ಶಿಪ್ ಇದ್ದರೆ ಅದರ ಕ್ರೆಡಿಟ್ ಷರತ್ತನ್ನೂ ಓದಿಕೊಳ್ಳಿ.

ಫೀಸು ನೀವೇ ಕಟ್ಟುತ್ತಿದ್ದರೂ ಕಾಲೇಜಿಗೆ ಫೋನ್ ಮಾಡಿದರೆ ಗ್ರೇಡ್ ಹೇಳಲಿಕ್ಕಿಲ್ಲ. 1974ರ ಫೆರ್ಪಾ ಕಾನೂನಿನ ಪ್ರಕಾರ, ಕಾಲೇಜು ಸೇರಿದ ಮೇಲೆ ಶೈಕ್ಷಣಿಕ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಹಾಗಾಗಿ ಮಕ್ಕಳನ್ನೇ ಕೇಳಬೇಕು. ಕೇಳುವಾಗ ಪಕ್ಕದ ಮನೆಯ ಹುಡುಗನ ಜಿಪಿಎ ಎತ್ತಬೇಡಿ. ಯಾವ ವಿಷಯ ಕಷ್ಟವಾಗುತ್ತಿದೆ, ಅಡ್ವೈಸರ್ ಏನೆಂದರು ಎಂದು ಕೇಳಿ.