ಹಳೆಯ ರೈಫಲ್ಲಿನ ಮೌಲ್ಯ

ಹೊಳೆನರಸೀಪುರದ ಓದುಗ ಮಿತ್ರರೇ, ಅಂತರಜಾಲದ ಚಿತ್ರದಲ್ಲಿ ಮರದ ಹಿಡಿಯ ಮೆರುಗು ಎಷ್ಟೇ ಮನೋಹರವಾಗಿ ತೋರಿದರೂ, ಈಶಾಪುರದ ಕಾರ್ಖಾನೆಯ .315 ರೈಫಲ್ಲಿನ ನಿಜಮೌಲ್ಯವು ನಳಿಕೆಯ ಅಂತರಂಗದಲ್ಲಿಯೇ ನೆಲಸಿರುವುದರಿಂದ, ಅದರ ಸುರುಳಿಗೆರೆಗಳು ತೀಕ್ಷ್ಣವಾಗಿವೆಯೇ, ತುಕ್ಕು ಕುಳಿಗಳನ್ನು ಕೊರೆದಿದೆಯೇ ಎಂಬುದನ್ನು ಪ್ರತ್ಯಕ್ಷವಾಗಿ ಪರೀಕ್ಷಿಸದೆ ಮುಂಗಡ ಕೊಡತಕ್ಕದ್ದಲ್ಲ. ಎಣ್ಣೆ ಕಾಣದೆ ಮಳೆಗಾಲಗಳನ್ನು ಪೆಟ್ಟಿಗೆಯಲ್ಲಿ ಕಳೆದ ಆಯುಧವು, ಬಹಳ ಹಾರಿಸಿದ ಆಯುಧಕ್ಕಿಂತಲೂ ಕೆಟ್ಟಿರುವುದುಂಟು.

ನಳಿಕೆಯ ಮೇಲಿನ ಸಂಖ್ಯೆಯು ಮಾರುವವರ ಪರವಾನಗಿಯಲ್ಲಿರುವುದಕ್ಕೆ ಹೊಂದದಿದ್ದರೆ, ಧರ್ಮಾರ್ಥವಾಗಿ ಕೊಟ್ಟರೂ ಸ್ವೀಕರಿಸಬೇಡಿರಿ. ಪರವಾನಗಿ ನಿಮಗೂ ಇರಲೇಬೇಕು. ಮಾರುವವರು ಖಾಸಗಿಯವರಾದರೆ, 1959ರ ಆಯುಧ ಕಾಯಿದೆಯಂತೆ ಅವರು ಹಾಸನದ ಜಿಲ್ಲಾ ದಂಡಾಧಿಕಾರಿಗಳಿಗಾಗಲಿ ಸಮೀಪದ ಪೊಲೀಸ್ ಠಾಣೆಗಾಗಲಿ ಲಿಖಿತ ಸೂಚನೆಯಿತ್ತು 45 ದಿನ ಕಾಯತಕ್ಕದ್ದು.

ಅರಕಲಗೂಡಿನ ಗದ್ದೆಗೆ ಆನೆ ಬಂದಾಗ ಉಪಯೋಗವಾದೀತೆಂದು ಬರೆದಿರುವಿರಿ. ಆ ಉದ್ದೇಶಕ್ಕಾದರೆ ಕೊಳ್ಳಲೇ ಬೇಡಿರಿ. ಆನೆಯು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ. ಅರಣ್ಯ ಇಲಾಖೆಗೆ ತಿಳಿಸಿರಿ.